ಕಳೆನಾಶಕಗಳು ಮತ್ತು ವ್ಯಾಪಾರ ನೈತಿಕತೆ

ಬೆಳೆಯ ನಡುವೆ ಏಳುವ ಕಳೆಯನ್ನು ಕೊಲ್ಲುವ ಅಥವಾ ಅದು ಮೊಳೆಯದಂತೆ ತಡೆಯುವ ರಾಸಾಯನಿಕಗಳಿಗೆ ಕಳೆನಾಶಕಗಳೆಂದು ಹೆಸರು. ಜಗತ್ತಿನ ಕೃಷಿಯಲ್ಲಿ ಬಳಕೆಯಾಗುವ ಪೀಡೆನಾಶಕಗಳಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಅರ್ಧ ಪಾಲು ಇವುಗಳದೇ. ಇವನ್ನು ತಯಾರಿಸಿ ಮಾರುವ ಸಂಸ್ಥೆಗಳಿಗೆ ರೈತರು, ಕೂಲಿಕಾರರು, ನೆರೆಹೊಲದವರು, ಗ್ರಾಹಕರು, ನೆಲ ಜಲಗಳ ಬಗ್ಗೆ ಇರುವ ಹೊಣೆ ಏನು ಎಂಬ ಪ್ರಶ್ನೆ ಕಳೆದ ಆರು ದಶಕಗಳಲ್ಲಿ ನ್ಯಾಯಾಲಯ, ಸಂಸತ್ತು, ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಎದ್ದಿದೆ. ಕಳೆನಾಶಕದ ಲಾಭ ಬೇಗ ಸಿಗುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ಹಾನಿಯಾದರೋ ತಡವಾಗಿ, ಬಹುಪಾಲು ಬೇರೆಯವರ ಮೈಮೇಲೆ, ಕೆಲವೊಮ್ಮೆ ಬೇರೆ ದೇಶದಲ್ಲೇ ಕಾಣಿಸಿಕೊಳ್ಳುತ್ತದೆ. ಈ ವ್ಯಾಪಾರದ ನೈತಿಕ ಸಮಸ್ಯೆಗಳೆಲ್ಲ ಹುಟ್ಟುವುದು ಈ ಅಂತರದಲ್ಲಿ.

ಬಳಕೆಯ ಹಿನ್ನೆಲೆ

ಬೆಳೆಯನ್ನು ಕಾಡುವ ಪೀಡೆಗಳಲ್ಲಿ ಇಳುವರಿಗೆ ಅತಿ ಹೆಚ್ಚು ಹೊಡೆತ ಕೊಡಬಲ್ಲದ್ದು ಕಳೆ. ಅದನ್ನು ತೆಗೆಯುವುದು ಬೇಸಾಯದಲ್ಲೇ ಅತ್ಯಂತ ದಣಿವಿನ ಕೆಲಸ. ಏಷ್ಯಾ, ಆಫ್ರಿಕಾಗಳ ಹೊಲಗಳಲ್ಲಿ ಈ ದುಡಿಮೆಯ ಬಹುಪಾಲು ಹೆಂಗಸರ ಪಾಲಿನದು. ಬಿಸಿಲಿನಲ್ಲಿ ದಿನಗಟ್ಟಲೆ ಸೊಂಟ ಬಗ್ಗಿಸಿ ಕುಡುಗೋಲು ಹಿಡಿದವರಿಗೆ ಕಳೆನಾಶಕ ಬಿಡುಗಡೆಯಂತೆ ಕಂಡರೆ ಅದರಲ್ಲಿ ತಪ್ಪಿಲ್ಲ. ಉಳುಮೆಯನ್ನು ಬಿಟ್ಟು, ಕಳೆಯನ್ನು ರಾಸಾಯನಿಕದಿಂದ ಹತೋಟಿಗೆ ತರುವ ಶೂನ್ಯ ಉಳುಮೆ ಪದ್ಧತಿ ಅಮೆರಿಕ, ಬ್ರೆಜಿಲ್, ಅರ್ಜೆಂಟೀನಾಗಳಲ್ಲಿ ಮಣ್ಣಿನ ಸವಕಳಿಯನ್ನು ತಗ್ಗಿಸಿರುವುದೂ ನಿಜ. ಈ ಉಪಯೋಗಗಳನ್ನು ಮರೆಮಾಚಿ ನಡೆಸುವ ಚರ್ಚೆ ರೈತನಿಗೆ ನ್ಯಾಯ ಒದಗಿಸಲಾರದು.

ಆಧುನಿಕ ಕಳೆನಾಶಕಗಳ ಕಾಲ ಶುರುವಾದದ್ದು ಎರಡನೇ ಮಹಾಯುದ್ಧದ ಸಮಯದಲ್ಲಿ. ಬ್ರಿಟನ್ ಮತ್ತು ಅಮೆರಿಕದ ಸಂಶೋಧನೆಯಿಂದ ರೂಪುಗೊಂಡ 2,4-ಡಿ ಯುದ್ಧ ಮುಗಿಯುತ್ತಿದ್ದಂತೆ ಮಾರುಕಟ್ಟೆಗೆ ಬಂತು. ಅಗಲ ಎಲೆಯ ಗಿಡಗಳನ್ನು ಕೊಂದು ಹುಲ್ಲಿನ ಜಾತಿಯ ಬೆಳೆಗಳನ್ನು ಉಳಿಸುವ ಗುಣದಿಂದಾಗಿ ಗೋಧಿ, ಜೋಳದ ಹೊಲಗಳಲ್ಲಿ ಅದು ಬೇಗ ಹರಡಿತು. 1950ರ ದಶಕದ ಕೊನೆಗೆ ಅಟ್ರಜಿನ್, 1962ರಲ್ಲಿ ಪ್ಯಾರಾಕ್ವಾಟ್, 1974ರಲ್ಲಿ ಗ್ಲೈಫೋಸೇಟ್ ಬಂದವು.

ಇದೇ ರಾಸಾಯನಿಕಗಳು ಯುದ್ಧಕ್ಕೂ ಬಳಕೆಯಾದವು. ವಿಯೆಟ್ನಾಂನಲ್ಲಿ 1961ರಿಂದ 1971ರವರೆಗೆ ಅಮೆರಿಕದ ಸೇನೆ 7 ಕೋಟಿ ಲೀಟರ್‌ಗೂ ಹೆಚ್ಚು ಕಳೆನಾಶಕವನ್ನು ಕಾಡು, ಗದ್ದೆಗಳ ಮೇಲೆ ಸುರಿಯಿತು. ಅದರಲ್ಲಿ ಹೆಚ್ಚಿನದು 2,4-ಡಿ ಮತ್ತು 2,4,5-ಟಿ ಬೆರೆತ ಏಜೆಂಟ್ ಆರೆಂಜ್. 2,4,5-ಟಿ ತಯಾರಾಗುವಾಗ ಉಂಟಾಗುವ ಡಯಾಕ್ಸಿನ್ ಎಂಬ ಘೋರ ವಿಷ ಅದರಲ್ಲಿ ಸೇರಿಕೊಂಡಿತ್ತು. 1984ರಲ್ಲಿ ಡೌ, ಮಾನ್ಸಾಂಟೊ ಮತ್ತಿತರ ತಯಾರಕರು ಅಮೆರಿಕದ ಮಾಜಿ ಸೈನಿಕರೊಂದಿಗೆ 18 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡರು. ವಿಯೆಟ್ನಾಂನ ಸಂತ್ರಸ್ತರು ಅಮೆರಿಕದಲ್ಲಿ ಹೂಡಿದ ದಾವೆ 2005ರಲ್ಲಿ ವಜಾ ಆಯಿತು. ವಿಷ ಒಂದೇ ಆಗಿದ್ದರೂ ಪರಿಹಾರ ನೊಂದವರ ರಾಷ್ಟ್ರೀಯತೆಯನ್ನು ಅವಲಂಬಿಸಿತು.

ಪರೀಕ್ಷೆ ಮಾಡುವವರು ಯಾರು

ಹೊಸ ಕಳೆನಾಶಕಕ್ಕೆ ನೋಂದಣಿ ಬೇಕಾದರೆ ಅದು ಸುರಕ್ಷಿತವೆಂದು ತೋರಿಸುವ ಅಧ್ಯಯನಗಳನ್ನು ಸರ್ಕಾರದ ಮುಂದಿಡಬೇಕು. ಬಹುತೇಕ ದೇಶಗಳಲ್ಲಿ ಆ ಅಧ್ಯಯನಗಳನ್ನು ಮಾಡಿಸುವುದೂ ಅದರ ಖರ್ಚು ಕೊಡುವುದೂ ತಯಾರಕರೇ. ಖರ್ಚನ್ನು ಜನರ ತೆರಿಗೆಯ ಮೇಲೆ ಹೊರಿಸದಿರುವುದು ಸರಿ. ಆದರೆ ಫಲಿತಾಂಶದಲ್ಲಿ ಆಸಕ್ತಿ ಇರುವವರೇ ಪರೀಕ್ಷೆ ನಡೆಸುವಾಗ ಕಟ್ಟುನಿಟ್ಟಿನ ಮೇಲ್ವಿಚಾರಣೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಇಲಿನಾಯ್ ರಾಜ್ಯದ ಇಂಡಸ್ಟ್ರಿಯಲ್ ಬಯೋ-ಟೆಸ್ಟ್ ಪ್ರಯೋಗಾಲಯ ಸಾಕ್ಷಿ. ಔಷಧ ಮತ್ತು ಪೀಡೆನಾಶಕ ಕಂಪನಿಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸುತ್ತಿದ್ದ ಈ ಸಂಸ್ಥೆ ದತ್ತಾಂಶವನ್ನೇ ಸುಳ್ಳು ಸೃಷ್ಟಿಸುತ್ತಿದ್ದುದು 1976ರಲ್ಲಿ ಬಯಲಾಯಿತು. 1983ರಲ್ಲಿ ಅದರ ಅಧಿಕಾರಿಗಳು ತಪ್ಪಿತಸ್ಥರೆಂದು ತೀರ್ಪಾಯಿತು. ಪ್ರಯೋಗಾಲಯಗಳು ದಾಖಲೆ ಇಡಬೇಕಾದ ರೀತಿಯ ಬಗ್ಗೆ ಕಠಿಣ ನಿಯಮಗಳು ಬಂದದ್ದು ಈ ಹಗರಣದ ನಂತರವೇ.

ಸ್ವತಂತ್ರ ವಿಜ್ಞಾನಿಗಳೊಂದಿಗೆ ಕಂಪನಿಗಳು ನಡೆದುಕೊಂಡ ರೀತಿಯೂ ಪ್ರಶ್ನೆಗೆ ಒಳಗಾಗಿದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಟೈರೋನ್ ಹೇಯ್ಸ್, ಅತ್ಯಲ್ಪ ಪ್ರಮಾಣದ ಅಟ್ರಜಿನ್ ಕೂಡ ಕಪ್ಪೆಗಳ ಲೈಂಗಿಕ ಬೆಳವಣಿಗೆಯನ್ನು ಏರುಪೇರು ಮಾಡುತ್ತದೆಂದು 2002ರಲ್ಲಿ ಪ್ರಕಟಿಸಿದರು. ತಯಾರಕ ಸಂಸ್ಥೆ ಸಿಂಜೆಂಟಾ ಆ ಫಲಿತಾಂಶವನ್ನು ಒಪ್ಪಲಿಲ್ಲ. ವೈಜ್ಞಾನಿಕ ಭಿನ್ನಾಭಿಪ್ರಾಯಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಹೇಯ್ಸ್ ಅವರ ಹೆಸರು ಕೆಡಿಸಲು ಸಂಸ್ಥೆಯೊಳಗೆ ಯೋಜನೆ ಹಾಕಿದ್ದು ಮುಂದೆ ನ್ಯಾಯಾಲಯದ ಮೂಲಕ ಹೊರಬಂದ ದಾಖಲೆಗಳಲ್ಲಿ ಕಾಣಿಸಿತು. ಅಂತರ್ಜಲದಲ್ಲಿ ಉಳಿಯುವ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2003ರಲ್ಲಿ ಅಟ್ರಜಿನ್‌ಗೆ ಅನುಮತಿ ನಿರಾಕರಿಸಿತು. ಅಮೆರಿಕದಲ್ಲಿ ಅದರ ಬಳಕೆ ಮುಂದುವರಿಯಿತು. ಕುಡಿಯುವ ನೀರಿನಿಂದ ಅದನ್ನು ಸೋಸುವ ಖರ್ಚಿಗಾಗಿ ದಾವೆ ಹೂಡಿದ್ದ ಊರುಗಳ ನೀರು ಸರಬರಾಜು ಮಂಡಳಿಗಳಿಗೆ 2012ರಲ್ಲಿ 10.5 ಕೋಟಿ ಡಾಲರ್ ಕೊಡಲು ಸಿಂಜೆಂಟಾ ಒಪ್ಪಿತು.

ಗ್ಲೈಫೋಸೇಟ್ ವಿವಾದ

ಮಾನ್ಸಾಂಟೊದ ರಸಾಯನವಿಜ್ಞಾನಿ ಜಾನ್ ಫ್ರಾನ್ಜ್ 1970ರಲ್ಲಿ ಗ್ಲೈಫೋಸೇಟಿನ ಕಳೆನಾಶಕ ಗುಣವನ್ನು ಗುರುತಿಸಿದರು. ನಾಲ್ಕು ವರ್ಷಗಳ ನಂತರ ಅದು ರೌಂಡಪ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸಸ್ಯಗಳು ಕೆಲವು ಅಮೈನೊ ಆಮ್ಲಗಳನ್ನು ತಯಾರಿಸಿಕೊಳ್ಳಲು ಬೇಕಾದ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಮನುಷ್ಯ, ಪ್ರಾಣಿಗಳಲ್ಲಿ ಆ ಕಿಣ್ವ ಇಲ್ಲ. ಈ ಕಾರಣವನ್ನೇ ಮುಂದೊಡ್ಡಿ ಕಂಪನಿ ಅದರ ಸುರಕ್ಷತೆಯನ್ನು ಸಾರಿತು. ಜಾಹೀರಾತು ಅಲ್ಲಿಗೇ ನಿಲ್ಲಲಿಲ್ಲ. ಪರಿಸರಸ್ನೇಹಿ, ಮಣ್ಣಿನಲ್ಲಿ ಕರಗಿಹೋಗುತ್ತದೆ ಎಂಬಂಥ ಘೋಷಣೆಗಳನ್ನು ಕೈಬಿಡಲು 1996ರಲ್ಲಿ ನ್ಯೂಯಾರ್ಕ್ ರಾಜ್ಯದೊಂದಿಗೆ ಅದು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಇಂಥದೇ ಜಾಹೀರಾತಿಗಾಗಿ 2007ರಲ್ಲಿ ಫ್ರಾನ್ಸಿನ ನ್ಯಾಯಾಲಯವೊಂದು ದಂಡ ವಿಧಿಸಿತು. 2009ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ಮಾರ್ಚಿನಲ್ಲಿ ಗ್ಲೈಫೋಸೇಟನ್ನು ಮನುಷ್ಯರಲ್ಲಿ ಪ್ರಾಯಶಃ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಅಪಾಯ ಅಸಂಭವವೆಂದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಭಿಪ್ರಾಯವೂ ಹೀಗೇ ಇತ್ತು. ಈ ಭಿನ್ನತೆಗೆ ಒಂದು ಕಾರಣ ಅವರು ಕೇಳಿಕೊಂಡ ಪ್ರಶ್ನೆಗಳಲ್ಲಿದೆ. ವಸ್ತುವಿಗೆ ಕ್ಯಾನ್ಸರ್ ತರುವ ಗುಣ ಇದೆಯೇ ಎಂದು ಮೊದಲ ಸಂಸ್ಥೆ ನೋಡುತ್ತದೆ. ಜನರ ದೇಹಕ್ಕೆ ವಾಸ್ತವದಲ್ಲಿ ಸೇರುವ ಪ್ರಮಾಣದಿಂದ ಅಪಾಯ ಎಷ್ಟು ಎಂದು ನಿಯಂತ್ರಕರು ಅಂದಾಜು ಮಾಡುತ್ತಾರೆ. ಜೊತೆಗೆ, ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಾರ್ವಜನಿಕವಾಗಿ ಲಭ್ಯವಿರುವ ಅಧ್ಯಯನಗಳನ್ನೇ ಆಧರಿಸಿತು. ನಿಯಂತ್ರಕರು ಕಂಪನಿಗಳು ಸಲ್ಲಿಸಿದ ಅಪ್ರಕಟಿತ ವರದಿಗಳನ್ನೂ ಪರಿಗಣಿಸಿದರು. ಯುರೋಪಿಯನ್ ಒಕ್ಕೂಟ 2023ರಲ್ಲಿ ಗ್ಲೈಫೋಸೇಟಿನ ಅನುಮತಿಯನ್ನು ಇನ್ನೂ ಹತ್ತು ವರ್ಷ ನವೀಕರಿಸಿತು.

ವಿಜ್ಞಾನದ ಈ ತಕರಾರಿಗಿಂತ ಕಂಪನಿಯ ನಡವಳಿಕೆಯೇ ನ್ಯಾಯಾಲಯದಲ್ಲಿ ಹೆಚ್ಚು ಭಾರವಾಯಿತು. ಮಾನ್ಸಾಂಟೊವನ್ನು ಜರ್ಮನಿಯ ಬೇಯರ್ 2018ರ ಜೂನ್‌ನಲ್ಲಿ ಸುಮಾರು 6,300 ಕೋಟಿ ಡಾಲರ್‌ಗೆ ಕೊಂಡಿತು. ಎರಡೇ ತಿಂಗಳಲ್ಲಿ, ಕ್ಯಾಲಿಫೋರ್ನಿಯದಲ್ಲಿ ಶಾಲಾ ಮೈದಾನಗಳನ್ನು ನೋಡಿಕೊಳ್ಳುತ್ತಿದ್ದು ಕ್ಯಾನ್ಸರಿಗೆ ಗುರಿಯಾದ ಕೆಲಸಗಾರರೊಬ್ಬರಿಗೆ 28.9 ಕೋಟಿ ಡಾಲರ್ ಕೊಡಬೇಕೆಂದು ತೀರ್ಪುಗಾರರ ಮಂಡಳಿ ಹೇಳಿತು. ಮೇಲ್ಮನವಿಯಲ್ಲಿ ಈ ಮೊತ್ತ 2.05 ಕೋಟಿಗೆ ಇಳಿಯಿತಾದರೂ ಹೊಣೆಗಾರಿಕೆ ಉಳಿಯಿತು. ತಪ್ಪೊಪ್ಪಿಕೊಳ್ಳದೆಯೇ, ಇಂಥ ಸಾವಿರಾರು ದಾವೆಗಳನ್ನು ಮುಗಿಸಲು 1,090 ಕೋಟಿ ಡಾಲರ್‌ವರೆಗೆ ಕೊಡುವುದಾಗಿ ಬೇಯರ್ 2020ರಲ್ಲಿ ಪ್ರಕಟಿಸಿತು. ಈ ವಿಚಾರಣೆಗಳಲ್ಲಿ ಹೊರಬಂದ ಕಂಪನಿಯ ಇಮೇಲ್‌ಗಳು, ಗ್ಲೈಫೋಸೇಟ್ ಸುರಕ್ಷಿತವೆಂದು ಸಾರಿದ್ದ 2000ನೇ ಇಸವಿಯ ಪ್ರಸಿದ್ಧ ವಿಮರ್ಶಾ ಲೇಖನದ ಬರವಣಿಗೆಯಲ್ಲಿ ಮಾನ್ಸಾಂಟೊ ಸಿಬ್ಬಂದಿಯ ಕೈ ಇದ್ದುದನ್ನು ತೋರಿಸಿದವು. ಅವರ ಹೆಸರು ಲೇಖಕರ ಪಟ್ಟಿಯಲ್ಲಿ ಇರಲಿಲ್ಲ. ಜಗತ್ತಿನ ನಿಯಂತ್ರಕರು ಕಾಲು ಶತಮಾನ ಉಲ್ಲೇಖಿಸುತ್ತ ಬಂದ ಆ ಲೇಖನವನ್ನು ಪ್ರಕಟಿಸಿದ್ದ ನಿಯತಕಾಲಿಕವೇ 2025ರಲ್ಲಿ ಹಿಂಪಡೆಯಿತು. ಗ್ಲೈಫೋಸೇಟ್ ಕೊನೆಗೆ ನಿರಪಾಯಕಾರಿ ಎಂದೇ ಸಾಬೀತಾದರೂ ಈ ನಡೆ ಸರಿಯಾಗುವುದಿಲ್ಲ. ಜನ ತಮ್ಮ ದೇಹದ ಬಗ್ಗೆ ತಾವೇ ನಿರ್ಧರಿಸಬೇಕಾದಾಗ ಅವರ ಮುಂದಿದ್ದ ಮಾಹಿತಿಯ ಮೂಲವನ್ನು ಮರೆಮಾಚಲಾಗಿತ್ತು.

ಬೀಜದ ಜೊತೆ ರಾಸಾಯನಿಕ

ಗ್ಲೈಫೋಸೇಟ್ ಸಿಂಪಡಿಸಿದರೂ ಸಾಯದಂತೆ ವಂಶವಾಹಿ ಮಾರ್ಪಡಿಸಿದ ಸೋಯಾ ಅಮೆರಿಕದಲ್ಲಿ 1996ರಲ್ಲಿ ಬಂತು. ಹತ್ತಿ, ಮೆಕ್ಕೆಜೋಳ ಹಿಂಬಾಲಿಸಿದವು. ಬೀಜ ಮತ್ತು ಕಳೆನಾಶಕ ಎರಡನ್ನೂ ಒಂದೇ ಕಂಪನಿ ಮಾರುವ ವ್ಯವಸ್ಥೆ ಹೀಗೆ ಬೇರೂರಿತು. 2014ರ ಹೊತ್ತಿಗೆ ಜಗತ್ತಿನ ವಾರ್ಷಿಕ ಗ್ಲೈಫೋಸೇಟ್ ಬಳಕೆ ಸುಮಾರು 82.6 ಕೋಟಿ ಕಿಲೋಗೆ ಮುಟ್ಟಿತ್ತು. ಕಂಪನಿಗಳ ವಿಲೀನಗಳ ನಂತರ ಬೇಯರ್, ಸಿಂಜೆಂಟಾ, ಕಾರ್ಟೆವಾ, ಬಿಎಎಸ್ಎಫ್ ಎಂಬ ನಾಲ್ಕು ಸಂಸ್ಥೆಗಳೇ ಜಾಗತಿಕ ಬೀಜ ಮತ್ತು ಪೀಡೆನಾಶಕ ಮಾರುಕಟ್ಟೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹಿಡಿದಿವೆ. ಇಂಥ ಕಡೆ ರೈತನ ಆಯ್ಕೆಯ ಸ್ವಾತಂತ್ರ್ಯ ಮಾತಿಗೆ ಮಾತ್ರ ಉಳಿಯುತ್ತದೆ.

ಒಂದೇ ಕಳೆನಾಶಕವನ್ನು ವರ್ಷ ವರ್ಷ ಸಿಂಪಡಿಸಿದರೆ ಅದಕ್ಕೆ ಜಗ್ಗದ ಕಳೆ ಉಳಿದು ಬೀಜ ಉದುರಿಸುತ್ತದೆ. ಗ್ಲೈಫೋಸೇಟಿಗೆ ಜಗ್ಗದ ರೈಗ್ರಾಸ್ ಆಸ್ಟ್ರೇಲಿಯದಲ್ಲಿ 1996ರಲ್ಲೇ ಪತ್ತೆಯಾಗಿತ್ತು. ಅಮೆರಿಕದ ಜಾರ್ಜಿಯಾದ ಹತ್ತಿ ಹೊಲಗಳಲ್ಲಿ ಆಳೆತ್ತರ ಬೆಳೆಯುವ ದಂಟಿನ ಜಾತಿಯ ಪಾಮರ್ ಅಮರಾಂತ್ 2005ರಲ್ಲಿ ಕೈಮೀರಿತು. ಕಂಪನಿಗಳು ಇದಕ್ಕೆ ಕಂಡುಕೊಂಡ ಉತ್ತರ ಇನ್ನೊಂದು ಬೀಜ ಮತ್ತು ಇನ್ನೊಂದು ರಾಸಾಯನಿಕ. ಡೈಕಾಂಬ ಎಂಬ ಕಳೆನಾಶಕವನ್ನು ತಡೆಯಬಲ್ಲ ಹತ್ತಿ, ಸೋಯಾ ಬೀಜಗಳನ್ನು ಮಾನ್ಸಾಂಟೊ 2015-16ರಲ್ಲಿ ಮಾರಾಟಕ್ಕಿಟ್ಟಿತು. ಅವುಗಳ ಮೇಲೆ ಹೊಡೆಯಲೆಂದು ರೂಪಿಸಿದ, ಕಡಿಮೆ ಆವಿಯಾಗುವ ಡೈಕಾಂಬಕ್ಕೆ ಆಗಿನ್ನೂ ಅನುಮತಿಯೇ ಸಿಕ್ಕಿರಲಿಲ್ಲ. ರೈತರು ಹಳೆಯ ಡೈಕಾಂಬವನ್ನೇ ಹೊಡೆದರು. ಅದು ಬಿಸಿಲಿಗೆ ಆವಿಯಾಗಿ ಪಕ್ಕದ ಹೊಲಗಳಿಗೆ ಹರಿಯಿತು. ಹೊಸ ಡೈಕಾಂಬ ಬಂದ ಮೇಲೂ 2017ರಲ್ಲಿ ಸುಮಾರು 36 ಲಕ್ಷ ಎಕರೆ ಸೋಯಾ ಹಾನಿಗೊಳಗಾಯಿತೆಂದು ಮಿಸೌರಿ ವಿಶ್ವವಿದ್ಯಾಲಯದ ತಜ್ಞರು ಅಂದಾಜು ಮಾಡಿದರು. ನೆರೆಯವನ ಆವಿಯಿಂದ ಬೆಳೆ ಮುರುಟದಿರಲಿ ಎಂಬ ಭಯಕ್ಕೇ ಹಲವರು ಅದೇ ಬೀಜ ಕೊಂಡರು. ಹಾನಿಯೇ ಮಾರಾಟಕ್ಕೆ ನೆರವಾಗುವ ಸ್ಥಿತಿ ಇದು. ಮಿಸೌರಿಯ ಪೀಚ್ ಬೆಳೆಗಾರರ ಸಂಸ್ಥೆಯೊಂದಕ್ಕೆ 2020ರಲ್ಲಿ ದೊಡ್ಡ ಮೊತ್ತದ ಪರಿಹಾರ ವಿಧಿಸಿದ ತೀರ್ಪುಗಾರರು ಇದನ್ನು ಗಂಭೀರ ತಪ್ಪೆಂದೇ ಪರಿಗಣಿಸಿದರು. ನಂತರ ದಂಡದ ಮೊತ್ತ ಇಳಿಯಿತು.

ಅರ್ಜೆಂಟೀನಾದಲ್ಲಿ ಈ ಮಾದರಿಯ ಭಾರ ಹೊತ್ತವರು ಸೋಯಾ ಹೊಲಗಳ ಅಂಚಿನಲ್ಲಿ ವಾಸಿಸುವವರು. ಕಾರ್ಡೊಬಾ ನಗರದ ಇಟುಜೈಂಗೊ ಅನೆಕ್ಸೊ ಬಡಾವಣೆಯ ತಾಯಂದಿರು ಮನೆಮನೆಗೆ ಹೋಗಿ ಕಾಯಿಲೆಯ ಲೆಕ್ಕ ಬರೆದುಕೊಂಡರು. ಅವರನ್ನು ಸಂಘಟಿಸಿದ ಸೋಫಿಯಾ ಗಟಿಕಾ ಅವರಿಗೆ 2012ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು. ಅದೇ ವರ್ಷ, ವಸತಿ ಪ್ರದೇಶದ ಬಳಿ ಅಕ್ರಮವಾಗಿ ಸಿಂಪಡಿಸಿದ್ದಕ್ಕೆ ಒಬ್ಬ ಬೆಳೆಗಾರ ಮತ್ತು ಒಬ್ಬ ವಿಮಾನ ಚಾಲಕನಿಗೆ ಶಿಕ್ಷೆಯಾಯಿತು.

ಪ್ಯಾರಾಕ್ವಾಟ್: ಎರಡು ಅಳತೆಗೋಲು

ಬ್ರಿಟನ್ನಿನ ಐಸಿಐ ಕಂಪನಿಯ ಜೆಲಟ್ಸ್ ಹಿಲ್ ಕೇಂದ್ರದಲ್ಲಿ 1955ರಲ್ಲಿ ಪ್ಯಾರಾಕ್ವಾಟಿನ ಕಳೆನಾಶಕ ಗುಣ ಪತ್ತೆಯಾಯಿತು. ಗ್ರಾಮಾಕ್ಸೋನ್ ಎಂಬ ಹೆಸರಿನಿಂದ ಅದು ಪ್ರಸಿದ್ಧ. ಹಸಿರು ಎಲೆಗೆ ತಾಗಿದರೆ ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಎಲೆ ಸುಟ್ಟಂತಾಗುತ್ತದೆ. ಮಳೆಗೆ ಬೇಗ ತೊಳೆದುಹೋಗದು, ಬೆಲೆ ಕಡಿಮೆ. ಆದರೆ ಮನುಷ್ಯನ ಹೊಟ್ಟೆ ಸೇರಿದರೆ ಅದು ಶ್ವಾಸಕೋಶದಲ್ಲಿ ಕ್ರೋಡೀಕರಣಗೊಂಡು ಅಲ್ಲಿನ ಅಂಗಾಂಶವನ್ನು ಗಡುಸಾಗಿಸುತ್ತದೆ. ರೋಗಿಗೆ ಪ್ರಜ್ಞೆ ಇರುತ್ತದೆ, ಮಾತಾಡುತ್ತಾನೆ, ಉಸಿರು ಮಾತ್ರ ದಿನದಿನಕ್ಕೆ ಸಿಕ್ಕಿಕೊಳ್ಳುತ್ತ ಹೋಗುತ್ತದೆ. ಇದಕ್ಕೆ ಪ್ರತ್ಯೌಷಧ ಇಲ್ಲ. ನೀಲಿ ಬಣ್ಣ, ಕೆಟ್ಟ ವಾಸನೆ, ವಾಂತಿ ಬರಿಸುವ ವಸ್ತು ಸೇರಿಸಿದ್ದೂ ಸಾವುಗಳನ್ನು ನಿಲ್ಲಿಸಲಿಲ್ಲ. ವಾಂತಿ ಬರಿಸುವ ವಸ್ತುವಿನ ಪ್ರಮಾಣ ಸಾಲದೆಂದು ಕಂಪನಿಯ ಮಾಜಿ ವಿಜ್ಞಾನಿಯೊಬ್ಬರೇ ಆರೋಪಿಸಿದ್ದಾರೆ. ಐಸಿಐಯ ಈ ವ್ಯವಹಾರದ ವಾರಸುದಾರ ಸಿಂಜೆಂಟಾ ಅದನ್ನು ನಿರಾಕರಿಸಿದೆ.

ಸ್ವೀಡನ್ 1983ರಲ್ಲಿ, ಸಿಂಜೆಂಟಾದ ತವರಾದ ಸ್ವಿಟ್ಜರ್ಲೆಂಡ್ 1989ರಲ್ಲಿ ಪ್ಯಾರಾಕ್ವಾಟನ್ನು ನಿಷೇಧಿಸಿದವು. ಸ್ವೀಡನ್ ಹೂಡಿದ ದಾವೆಯಲ್ಲಿ 2007ರಲ್ಲಿ ಯುರೋಪಿಯನ್ ಒಕ್ಕೂಟದ ಅನುಮತಿಯೂ ರದ್ದಾಯಿತು. ಆದರೆ ಬ್ರಿಟನ್ನಿನ ಹಡರ್ಸ್‌ಫೀಲ್ಡ್ ಕಾರ್ಖಾನೆಯಲ್ಲಿ ರಫ್ತಿಗಾಗಿ ಉತ್ಪಾದನೆ ಮುಂದುವರಿಯಿತು. ಯುರೋಪಿನಲ್ಲಿ ಬಳಕೆಗೆ ನಿಷೇಧವಿರುವ ಪೀಡೆನಾಶಕಗಳ ರಫ್ತಿಗೆ ಕಂಪನಿಗಳು 2018ರಲ್ಲಿ ಸಲ್ಲಿಸಿದ ಸೂಚನೆಗಳು 81,000 ಟನ್‌ಗೂ ಹೆಚ್ಚಿನ ಪ್ರಮಾಣಕ್ಕೆ ಸಂಬಂಧಿಸಿದ್ದವು. ಅದರಲ್ಲಿ ಅತಿ ದೊಡ್ಡ ಪಾಲು ಪ್ಯಾರಾಕ್ವಾಟಿನದು.

ಪ್ರತಿ ದೇಶದ ಬೆಳೆ, ಹವೆ, ಅಗತ್ಯ ಬೇರೆ. ಆಮದು ಮಾಡಿಕೊಳ್ಳುವ ಸರ್ಕಾರ ತಿಳಿದೇ ಅನುಮತಿ ಕೊಟ್ಟಿದೆ ಎಂಬುದು ಕಂಪನಿಗಳ ಸಮರ್ಥನೆ. ಆ ವಾದ ನಿಲ್ಲುವುದಿಲ್ಲ. ಯುರೋಪಿನ ತರಬೇತಾದ, ರಕ್ಷಣಾ ಉಡುಪು ತೊಟ್ಟ ಕೆಲಸಗಾರನ ಕೈಯಲ್ಲೇ ಸುರಕ್ಷಿತವಲ್ಲದ ವಸ್ತು, ಬರಿಗಾಲಲ್ಲಿ ಸೋರುವ ಕ್ಯಾನ್ ಬೆನ್ನಿಗೇರಿಸಿಕೊಂಡ ಕೂಲಿಯಾಳಿನ ಕೈಯಲ್ಲಿ ಸುರಕ್ಷಿತವಾಗಲು ಯಾವ ಕಾರಣವೂ ಇಲ್ಲ. ನಿಷೇಧಿಸಿದರೆ ಕೃಷಿ ಕುಸಿಯುತ್ತದೆ ಎಂಬ ಭಯಕ್ಕೂ ಅನುಭವದ ಉತ್ತರ ಇದೆ. ದಕ್ಷಿಣ ಕೊರಿಯ 2011-12ರಲ್ಲಿ ಪ್ಯಾರಾಕ್ವಾಟನ್ನು ನಿಲ್ಲಿಸಿತು. ಪೀಡೆನಾಶಕ ಸೇವನೆಯಿಂದಾಗುವ ಆತ್ಮಹತ್ಯೆಯ ಪ್ರಮಾಣ ಎರಡೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು, ಬೆಳೆಯ ಇಳುವರಿ ಕುಗ್ಗಲಿಲ್ಲ. ಶ್ರೀಲಂಕಾ, ಮಲೇಷ್ಯಾ, ಥಾಯ್ಲೆಂಡ್, ಬ್ರೆಜಿಲ್‌ಗಳೂ ನಿಷೇಧದ ದಾರಿ ಹಿಡಿದವು.

ಭಾರತದಲ್ಲಿ

ಭಾರತದಲ್ಲಿ ಕಳೆನಾಶಕಗಳ ನೋಂದಣಿ, ಮಾರಾಟಗಳು 1968ರ ಕೀಟನಾಶಕ ಕಾಯ್ದೆಯ ಅಡಿ ಬರುತ್ತವೆ. ಡಬ್ಬಿಯ ಮೇಲೆ ವಜ್ರಾಕೃತಿಯ ಗುರುತು ಇರಬೇಕು. ಕೆಂಪು ಅತ್ಯಂತ ವಿಷಕಾರಿ, ನಂತರ ಹಳದಿ, ನೀಲಿ, ಹಸಿರು ಎಂಬುದು ಇಳಿಕೆಯ ಕ್ರಮ. ಜೊತೆಗೆ ಹಲವು ಭಾಷೆಗಳಲ್ಲಿ ಅಚ್ಚಾದ, ಮಡಿಸಿಟ್ಟ ಕರಪತ್ರ ಇರುತ್ತದೆ. ಅಂಗಡಿಯ ಗಲ್ಲೆಯ ಮೇಲೆ ಈ ಡಬ್ಬಿ ಕೈ ಬದಲಾಯಿಸುವಾಗ ಆ ಸಣ್ಣ ಅಕ್ಷರಗಳನ್ನು ಬಿಡಿಸಿ ಓದುವವರು ವಿರಳ. ಯಾವ ಕಳೆಗೆ ಯಾವ ಔಷಧ, ಎಷ್ಟು ಮುಚ್ಚಳ ಎಂದು ಹೇಳುವವನು ಅಂಗಡಿಯವನೇ. ಅವನ ಆದಾಯ ಮಾರಾಟದ ಮೇಲೆ ನಿಂತಿದೆ. ಕೃಷಿ ಇಲಾಖೆಯ ಸಲಹೆ ತಲುಪದ ಕಡೆ ಕಂಪನಿಯ ಪ್ರತಿನಿಧಿ ಮತ್ತು ಅಂಗಡಿಯವರೇ ರೈತನ ತಜ್ಞರಾಗುತ್ತಾರೆ. ಹಾಗಾಗಿ ಲೇಬಲ್ ಅಂಟಿಸಿದೊಡನೆ ಹೊಣೆ ತೀರಿತೆಂಬ ನಿಲುವು ನೈತಿಕವಾಗಿ ಪೊಳ್ಳು.

ಗ್ಲೈಫೋಸೇಟಿಗೆ ಇಲ್ಲಿ ಅನುಮತಿ ಇದ್ದದ್ದು ಚಹಾ ತೋಟ ಮತ್ತು ಬೆಳೆ ಇಲ್ಲದ ಜಾಗಗಳಿಗೆ. ವಾಸ್ತವದಲ್ಲಿ ಬಳಕೆ ಆ ಮಿತಿಯನ್ನು ಎಂದೋ ದಾಟಿತ್ತು. ಕಳೆನಾಶಕ ತಾಳುವ ಹತ್ತಿಯ ಅನಧಿಕೃತ ಬೀಜ ಹಲವು ರಾಜ್ಯಗಳಲ್ಲಿ ಹರಡಿದ್ದು ಇದಕ್ಕೆ ಒಂದು ಕಾರಣ. ಪರವಾನಗಿ ಪಡೆದ ಕೀಟ ನಿಯಂತ್ರಣ ಸಿಬ್ಬಂದಿಯ ಮೂಲಕ ಮಾತ್ರ ಅದನ್ನು ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಪ್ಯಾರಾಕ್ವಾಟನ್ನು ಕೇರಳ 2011ರಲ್ಲಿ ನಿಷೇಧಿಸಿತು. ಒಡಿಶಾದ ಬುರ್ಲಾ ವೈದ್ಯಕೀಯ ಕಾಲೇಜಿನ ವೈದ್ಯರು ತಮ್ಮ ಕಣ್ಣೆದುರೇ ಸಂಭವಿಸುತ್ತಿದ್ದ ಸಾವುಗಳನ್ನು ಕಂಡು 2019ರಲ್ಲಿ ನಿಷೇಧಕ್ಕೆ ಒತ್ತಾಯಿಸಿದರು.

ಕಳೆನಾಶಕ ತಾಳುವ ಬೆಳೆಗಳ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲೂ ಇದೆ. ಕೈಯಿಂದ ಕಳೆ ತೆಗೆದು ಬದುಕುವವರು ಇರುವ ದೇಶಕ್ಕೆ ಇವು ಹೊಂದುವುದಿಲ್ಲವೆಂದು ನ್ಯಾಯಾಲಯ ನೇಮಿಸಿದ ತಾಂತ್ರಿಕ ಸಮಿತಿ 2013ರಲ್ಲಿ ಅಭಿಪ್ರಾಯಪಟ್ಟಿತು. ಇಂಥದೇ ಗುಣವಿರುವ, ವಂಶವಾಹಿ ಮಾರ್ಪಡಿಸಿದ ಸಾಸಿವೆಗೆ ಕೊಟ್ಟ ಅನುಮತಿಯ ಬಗ್ಗೆ 2024ರ ಜುಲೈನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್ ಭಿನ್ನ ತೀರ್ಪು ಕೊಟ್ಟರು.

ಕರ್ನಾಟಕದ ಕಾಫಿ, ಅಡಕೆ ತೋಟಗಳಲ್ಲಿ ಆಳಿನ ಕೊರತೆ ಕಳೆನಾಶಕಕ್ಕೆ ದಾರಿ ಮಾಡಿದೆ. ಕಳೆ ಸವರುವ ಯಂತ್ರ, ಹೊದಿಕೆ ಬೆಳೆ, ದರಗಿನ ಮುಚ್ಚಿಗೆ, ಬಯಲುಸೀಮೆಯ ಸಾಲು ಬೆಳೆಗಳಲ್ಲಿ ಎಡೆಕುಂಟೆ ಇವೆಲ್ಲ ಇಂದಿಗೂ ನಡೆಯುವ ಪರ್ಯಾಯಗಳು. ಕಾಂಗ್ರೆಸ್ ಗಿಡವೆಂದು ಎಲ್ಲರೂ ಕರೆಯುವ ಪಾರ್ಥೇನಿಯಂ ಹತೋಟಿಗೆ ಮೆಕ್ಸಿಕೋದಿಂದ ತಂದ ಜೈಗೋಗ್ರಾಮಾ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಎಲೆ ತಿಂದು ಗಿಡವನ್ನು ಬೋಳಾಗಿಸುವ ಈ ಕೀಟ ಇಂದು ದೇಶದ ಹಲವೆಡೆ ನೆಲೆಸಿದೆ. ಇಂಥ ಪರಿಹಾರಗಳನ್ನು ಡಬ್ಬಿಯಲ್ಲಿ ತುಂಬಿ ಮಾರಲು ಬರುವುದಿಲ್ಲವಾದ್ದರಿಂದ ಸಂಶೋಧನೆಗೆ ಸಾರ್ವಜನಿಕ ಸಂಸ್ಥೆಗಳೇ ಹಣ ಹೂಡಬೇಕಾಗುತ್ತದೆ.

ಅಂತರರಾಷ್ಟ್ರೀಯ ನಿಯಮಗಳು

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪೀಡೆನಾಶಕಗಳ ನೀತಿಸಂಹಿತೆಯನ್ನು ಅಂಗೀಕರಿಸಿತು. ಅಹಿತಕರವಾದ, ದುಬಾರಿಯಾದ ಅಥವಾ ಸುಲಭವಾಗಿ ಸಿಗದ ರಕ್ಷಣಾ ಸಾಧನ ಬೇಕಾಗುವ ಪೀಡೆನಾಶಕಗಳನ್ನು, ಮುಖ್ಯವಾಗಿ ಸೆಖೆಯ ನಾಡುಗಳ ಸಣ್ಣ ಹಿಡುವಳಿದಾರರು ಮತ್ತು ಕೃಷಿ ಕಾರ್ಮಿಕರ ವಿಷಯದಲ್ಲಿ, ದೂರವಿಡಬೇಕೆಂದು ಅದು ಹೇಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ರಬ್ಬರ್ ಕೈಗವಸು, ಮುಖವಾಡ ತೊಟ್ಟು ದಿನವಿಡೀ ಕೆಲಸ ಮಾಡಲಾಗದು ಎಂಬ ಸರಳ ಸತ್ಯವನ್ನು ಈ ಸಂಹಿತೆ ಒಪ್ಪಿಕೊಂಡಿದೆ. ಆದರೆ ಅದನ್ನು ಪಾಲಿಸುವುದು ಕಡ್ಡಾಯವಲ್ಲ. 1998ರ ರಾಟರ್‌ಡ್ಯಾಮ್ ಒಪ್ಪಂದ ಪಟ್ಟಿಯಲ್ಲಿರುವ ರಾಸಾಯನಿಕಗಳ ರಫ್ತಿಗೆ ಮುನ್ನ ಆಮದು ದೇಶದ ತಿಳುವಳಿಕೆಯುಳ್ಳ ಒಪ್ಪಿಗೆಯನ್ನು ಕೇಳುತ್ತದೆ. ಪಟ್ಟಿಗೆ ಸೇರಿಸಲು ಎಲ್ಲ ಸದಸ್ಯರ ಸಮ್ಮತಿ ಬೇಕು. ತಜ್ಞರ ಸಮಿತಿ ಶಿಫಾರಸು ಮಾಡಿದರೂ ಕೆಲವೇ ದೇಶಗಳ ಆಕ್ಷೇಪದಿಂದ ಪ್ಯಾರಾಕ್ವಾಟಿನ ದ್ರಾವಣ ಸಭೆಯಿಂದ ಸಭೆಗೆ ಹೊರಗೇ ಉಳಿಯಿತು. ಸರ್ಕಾರ ಸುಮ್ಮನಿದ್ದರೂ ಮಾನವ ಹಕ್ಕುಗಳನ್ನು ಗೌರವಿಸುವ ಹೊಣೆ ಕಂಪನಿಗೆ ತಪ್ಪುವುದಿಲ್ಲವೆಂದು 2011ರ ವಿಶ್ವಸಂಸ್ಥೆಯ ಮಾರ್ಗದರ್ಶಿ ಸೂತ್ರಗಳು ಸ್ಪಷ್ಟಪಡಿಸಿವೆ. ಒಂದು ಹೆಜ್ಜೆ ಮುಂದೆ ಹೋದ ಫ್ರಾನ್ಸ್, ಯುರೋಪಿನಲ್ಲಿ ನಿಷೇಧಿತವಾದ ಪೀಡೆನಾಶಕಗಳ ಉತ್ಪಾದನೆ ಮತ್ತು ರಫ್ತನ್ನು 2022ರಿಂದ ಕಾನೂನಿನ ಮೂಲಕವೇ ತಡೆದಿದೆ.

ಮೌಲ್ಯಮಾಪನ

ಮೇಲಿನ ಪ್ರಕರಣಗಳಲ್ಲಿ ಮರುಕಳಿಸುವುದು ಅಜ್ಞಾನದ ಸಮಸ್ಯೆಯಲ್ಲ. ಅಪಾಯದ ಅರಿವು ಎಲ್ಲರಿಗಿಂತ ಮೊದಲು ಇದ್ದದ್ದು ತಯಾರಕರಿಗೆ. ಅದನ್ನು ತಡೆಯುವ ಶಕ್ತಿಯೂ ಅವರಿಗೇ ಹೆಚ್ಚಿತ್ತು. ಅರಿವು, ಶಕ್ತಿ ಮತ್ತು ಲಾಭ ಮೂರೂ ಒಂದೇ ಕಡೆ ಇರುವಾಗ ಎಚ್ಚರಿಕೆಯ ಹೊರೆಯನ್ನು ಮಾತ್ರ ದಿನಗೂಲಿಯವರ ತಲೆಗೆ ಕಟ್ಟುವುದು ಅನ್ಯಾಯ. ಕಾನೂನು ಪರವಾನಗಿ ಕೊಟ್ಟಿದೆ ಎಂಬುದು ವ್ಯಾಪಾರಕ್ಕೆ ಅನುಮತಿಯಾದೀತು, ನೈತಿಕ ಸಮರ್ಥನೆಯಾಗದು.

ತನ್ನ ದೇಶದ ಕೆಲಸಗಾರನಿಗೆ ಅನ್ವಯಿಸುವ ಅಳತೆಯನ್ನೇ ಕಂಪನಿ ಎಲ್ಲೆಡೆ ಅನ್ವಯಿಸಬೇಕು. ಸುರಕ್ಷತೆಯ ಅಧ್ಯಯನಗಳು ಯಾರಾದರೂ ಪರಿಶೀಲಿಸಬಹುದಾದಂತೆ ಪೂರ್ತಿಯಾಗಿ ಪ್ರಕಟವಾಗಬೇಕು. ಅವುಗಳಿಗೆ ಹಣ ಕೊಟ್ಟವರ, ಬರೆದವರ ಹೆಸರು ಬಹಿರಂಗವಾಗಿರಬೇಕು. ಗಾಳಿಗೆ ಹಾರಿ ನೆರೆಯ ಬೆಳೆ ಕೆಡಿಸುವ, ಬಾವಿಯ ನೀರು ಸೇರುವ ರಾಸಾಯನಿಕದ ಖರ್ಚನ್ನು ಮಾರಿದವರು ಭರಿಸಬೇಕು. ಸುರಕ್ಷಿತವಾಗಿ ಬಳಸಲು ಬೇಕಾದ ಪರಿಸ್ಥಿತಿ ಇಲ್ಲದ ಕಡೆ ಮಾರಾಟವನ್ನೇ ಕೈಬಿಡಬೇಕು. ಕಳೆ ತೆಗೆಯುವ ದುಡಿಮೆಗೆ ಗೌರವದ ಕೂಲಿ, ಸೊಂಟ ಬಗ್ಗಿಸದ ಸಲಕರಣೆ, ಅಂಗಡಿಯ ಹಂಗಿಲ್ಲದ ಕೃಷಿ ಸಲಹೆ ಒದಗಿಸುವುದು ಸರ್ಕಾರದ ಪಾಲಿನ ಕೆಲಸ. ಇವುಗಳಲ್ಲಿ ಯಾವುದೂ ಹೊಸ ಆವಿಷ್ಕಾರಕ್ಕಾಗಿ ಕಾಯಬೇಕಿಲ್ಲ. ಫ್ರಾನ್ಸಿನ ಕಾನೂನು, ಕೊರಿಯದ ನಿಷೇಧ, ಬೆಂಗಳೂರಿನ ದುಂಬಿ ಇವು ಈಗಾಗಲೇ ಸಾಧ್ಯವಾದ ಕೆಲಸಗಳು.